ರೊಕ್ಕದ ಲಕೋಟೆ ಒಡೆಯಲೇ ಇಲ್ಲ

ವಡಗೇರಾ ಕಡೆಯ ತಂದೆಯೊಬ್ಬರು ಪತ್ರ ಬರೆದಿದ್ದಾರೆ. ಮಗ ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿದ್ದಾನೆ. ಎರಡು ವರ್ಷ ನೌಕರಿಗಾಗಿ ಅಲೆದು ಸಾಕಾಗಿ, ಗುತ್ತಿಗೆದಾರನ ಪರವಾನಗಿ ಮಾಡಿಸಿಕೊಂಡು, ಊರಿನ ಸಮೀಪದ ಶಾಲೆಯೊಂದಕ್ಕೆ ಕೊಠಡಿ ಕಟ್ಟುವ ಕೆಲಸಕ್ಕೆ ಟೆಂಡರು ಹಾಕಿದ. ಠೇವಣಿ ಕಟ್ಟಲು ಮನೆಯ ಬಂಗಾರ ಒತ್ತೆಗೆ ಹೋಯಿತು. ಕೆಲಸ ಮಾತ್ರ ಬೇರೆಯವರ ಪಾಲಾಯಿತು. ಹುಡುಗನ ಹೆಸರಿನ ಮುಂದೆ ‘ತಾಂತ್ರಿಕವಾಗಿ ಅನರ್ಹ’ ಎಂಬ ಎರಡೇ ಶಬ್ದಗಳಿದ್ದವು. ಪತ್ರದ ಕೊನೆಯ ಸಾಲುಗಳನ್ನು ಅವರ ಮಾತಿನಲ್ಲೇ ಕೊಡುತ್ತೇನೆ: “ನಮ್ಮ ಹುಡುಗನ ರೇಟು ಎಲ್ಲಾರಕಿಂತ ಕಡಿಮಿ ಇತ್ರಿ. ರೊಕ್ಕದ ಲಕೋಟಿ ಒಡದು ನೋಡಿದ್ರ ಸರಕಾರಕ್ಕೇ ಉಳಿತಿತ್ತು. ಒಡೀಲೇ ಇಲ್ಲ. ಹಿಂಗ ಮಾಡಬಹುದೇನ್ರಿ? ನಾವು ಕೋರ್ಟಿಗಿ ಹೋಗಬೇಕೇನ್ರಿ?”

ವಿದ್ಯಾರ್ಥಿಗಳ ಅಂಕಣದಲ್ಲಿ ಗುತ್ತಿಗೆಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ನೀವು ಕುಳಿತು ಪಾಠ ಕೇಳುವ ಕೊಠಡಿ, ಹಾಸ್ಟೆಲಿನ ಮಂಚ, ಪ್ರಯೋಗಾಲಯದ ಗಾಜಿನ ಸಾಮಾನು ಇವೆಲ್ಲ ಬಹುಮಟ್ಟಿಗೆ ಟೆಂಡರಿನ ಬಾಗಿಲಿನಿಂದಲೇ ಬಂದವು. ವಡಗೇರಾ ಮೊದಲು ಶಹಾಪುರ ತಾಲ್ಲೂಕಿಗೆ ಸೇರಿದ್ದ ಊರು. 2018ರಲ್ಲಿ ತಾನೇ ತಾಲ್ಲೂಕು ಕೇಂದ್ರವಾಯಿತು. ಹೊಸ ತಾಲ್ಲೂಕು ಎಂದರೆ ಹೊಸ ಕಚೇರಿ, ಹೊಸ ಕಟ್ಟಡ, ಹೊಸ ರಸ್ತೆ, ಅಂದರೆ ಸಾಲು ಸಾಲು ಟೆಂಡರು. ಡಿಪ್ಲೊಮಾ, ಬಿ.ಇ. ಓದುತ್ತಿರುವ ಆ ಭಾಗದ ಹುಡುಗರಲ್ಲಿ ಒಂದಷ್ಟು ಮಂದಿ ಬೆಂಗಳೂರಿಗೆ ಗುಳೆ ಹೋಗದೆ ಊರಲ್ಲೇ ನಿಲ್ಲಬೇಕಾದರೆ ಈ ಸಾಲಿನಲ್ಲಿ ಅವರಿಗೊಂದು ಜಾಗ ಸಿಗಬೇಕು. ಹೀಗಾಗಿ ಪತ್ರಕ್ಕೆ ಇಲ್ಲೇ ಉತ್ತರಿಸುತ್ತಿದ್ದೇನೆ.

ಮೊದಲ ಪ್ರಶ್ನೆಗೆ ಉತ್ತರ: ಹೌದು, ಲಕೋಟೆ ಒಡೆಯದೆ ಇರಬಹುದು. ಒಡೆಯದೆ ಇರುವುದೇ ನಿಯಮ. ಆದರೆ ಏಕೆ ಒಡೆಯಲಿಲ್ಲ ಎಂಬುದಕ್ಕೆ ಕಾರಣ ಇರಬೇಕು. ಆ ಕಾರಣ ಟೆಂಡರಿನ ಕಾಗದದಲ್ಲೇ ಮೊದಲೇ ಬರೆದಿರಬೇಕು. ಎರಡನೆಯ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ.

ಲಕೋಟೆಯ ಲೆಕ್ಕ ಮೊದಲು ನೋಡೋಣ. ಹಿಂದೆ ಕಾರ್ಯಪಾಲಕ ಎಂಜಿನಿಯರರ ಕಚೇರಿಯಲ್ಲಿ ಬೀಗ ಹಾಕಿದ ಪೆಟ್ಟಿಗೆ ಇರುತ್ತಿತ್ತು. ಅರಗು ಮುದ್ರೆ ಒತ್ತಿದ ಲಕೋಟೆಯನ್ನು ಅದರಲ್ಲಿ ಹಾಕಬೇಕು. ಪೆಟ್ಟಿಗೆಯ ಹತ್ತಿರ ಯಾರನ್ನು ಬಿಡುತ್ತಾರೆ, ಯಾರನ್ನು ಬಿಡುವುದಿಲ್ಲ ಎಂಬುದೇ ಎಷ್ಟೋ ಕಡೆ ಟೆಂಡರನ್ನು ತೀರ್ಮಾನಿಸುತ್ತಿದ್ದ ಕಾಲವದು. ಅದನ್ನು ತಡೆಯಲು ನಮ್ಮ ರಾಜ್ಯ ಒಂದು ಕಾನೂನು ಮಾಡಿತು. ‘ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999’ ಎಂಬುದು ಅದರ ಉದ್ದನೆಯ ಹೆಸರು. ಜಾರಿಗೆ ಬಂದದ್ದು 2000ದ ಅಕ್ಟೋಬರಿನಲ್ಲಿ. ಆಮೇಲೆ 2007ರ ಸುಮಾರಿಗೆ ಟೆಂಡರು ಕಂಪ್ಯೂಟರಿಗೆ ಬಂತು. ಅರಗು ಹೋಯಿತು, ಪೆಟ್ಟಿಗೆ ಹೋಯಿತು. ಲಕೋಟೆ ಎಂಬ ಮಾತು ಮಾತ್ರ ಉಳಿದುಕೊಂಡಿತು.

ಈಗ ದೊಡ್ಡ ಕೆಲಸಗಳಿಗೆ ಲಕೋಟೆ ಎರಡು. ಒಂದರಲ್ಲಿ ಅರ್ಹತೆಯ ಕಾಗದಗಳು: ನೋಂದಣಿ, ಹಿಂದೆ ಮಾಡಿದ ಕೆಲಸದ ಪ್ರಮಾಣಪತ್ರ, ವಾರ್ಷಿಕ ವಹಿವಾಟು, ಯಂತ್ರೋಪಕರಣಗಳ ವಿವರ, ಠೇವಣಿ ಕಟ್ಟಿದ ದಾಖಲೆ. ಇನ್ನೊಂದರಲ್ಲಿ ದರ. ಮೊದಲನೆಯದನ್ನು ತೆರೆದು ಪರಿಶೀಲಿಸಿ, ಅದರಲ್ಲಿ ಗೆದ್ದವರ ಎರಡನೆಯದನ್ನಷ್ಟೇ ತೆರೆಯುತ್ತಾರೆ. ಹೀಗೇಕೆಂದರೆ, ದರ ಮೊದಲೇ ಕಣ್ಣಿಗೆ ಬಿದ್ದರೆ ಮನಸ್ಸು ಅತ್ತ ವಾಲುತ್ತದೆ. ತನಗೆ ಬೇಕಾದವನ ದರ ಹೆಚ್ಚಿದ್ದರೆ, ಕಡಿಮೆ ದರದವನ ಕಾಗದದಲ್ಲಿ ತಪ್ಪು ಹುಡುಕುವ ಆಸೆಯೂ ಹುಟ್ಟುತ್ತದೆ. ದರ ಮುಚ್ಚಿಟ್ಟು ಅರ್ಹತೆ ನೋಡುವುದು ಬಡ ಗುತ್ತಿಗೆದಾರನ ರಕ್ಷಣೆಗೂ ಹೌದು.

ಸಿ.ಇ.ಟಿ. ಬರೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಯಾದಗಿರಿ, ಕಲಬುರಗಿ, ರಾಯಚೂರು ಕಡೆಯ ಮಕ್ಕಳಿಗೆ ಸಂವಿಧಾನದ 371(ಜೆ) ವಿಧಿಯ ಪ್ರಕಾರ ತಮ್ಮ ಪ್ರದೇಶದ ಕಾಲೇಜುಗಳಲ್ಲಿ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟುಗಳ ಮೀಸಲಾತಿ ಇದೆ. ಅದಕ್ಕೊಂದು ಅರ್ಹತಾ ಪ್ರಮಾಣಪತ್ರ ಬೇಕು. ವಡಗೇರಾದಲ್ಲೇ ಹುಟ್ಟಿ ಬೆಳೆದಿರಿ, ರ‍್ಯಾಂಕೂ ಚೆನ್ನಾಗಿದೆ, ಆದರೆ ಆ ಪ್ರಮಾಣಪತ್ರ ಕೊಟ್ಟಿಲ್ಲ ಎಂದಾದರೆ ಆ ಸಾಲಿನಲ್ಲಿ ನಿಮ್ಮ ರ‍್ಯಾಂಕನ್ನು ಯಾರೂ ನೋಡುವುದಿಲ್ಲ. ಟೆಂಡರಿನಲ್ಲಿ ದರ ಎಂಬುದು ಆ ರ‍್ಯಾಂಕಿನ ಹಾಗೆ.

ಆದ್ದರಿಂದ “ನಮ್ಮ ದರ ಕಡಿಮೆ ಇತ್ತು” ಎಂಬ ವಾದವನ್ನು ಸದ್ಯಕ್ಕೆ ಬದಿಗಿಡಬೇಕು. ಎಷ್ಟು ನ್ಯಾಯವಾಗಿ ಕಂಡರೂ ಅದು ಈ ಹಂತದಲ್ಲಿ ನಡೆಯದ ನಾಣ್ಯ. ಕಾಯ್ದೆಯ 13ನೆಯ ಕಲಮು ಅತಿ ಕಡಿಮೆ ದರದ ಟೆಂಡರನ್ನು ಒಪ್ಪಿಕೊಳ್ಳಬೇಕು ಎನ್ನುತ್ತದೆ, ನಿಜ. ಆದರೆ ಟೆಂಡರು ಕಾಗದದಲ್ಲಿ ಹೇಳಿರುವ, ಅಳೆದು ತೋರಿಸಬಹುದಾದ ಅಂಶಗಳ ಆಧಾರದ ಮೇಲೆ ಕಡಿಮೆ ಎಂದು ಕಂಡುಬಂದ ದರ ಅದು. ಹಾಗಾದರೆ ಕೇಳಬೇಕಾದ ಪ್ರಶ್ನೆ ಯಾವುದು? ‘ನನ್ನಲ್ಲಿ ಯಾವ ಅಂಶ ಇಲ್ಲವೆಂದು ತೀರ್ಮಾನಿಸಿದಿರಿ? ಅದು ಟೆಂಡರಿನ ಯಾವ ಷರತ್ತಿನಲ್ಲಿದೆ? ಉಳಿದವರಲ್ಲಿ ಅದು ಇದೆಯೆ?’ ಈ ಮೂರು ತುಂಡಿನ ಪ್ರಶ್ನೆ ಕೈಯಲ್ಲಿಲ್ಲದೆ ವಕೀಲರ ಮನೆ ಹತ್ತುವುದು ವ್ಯರ್ಥ.

ಷರತ್ತುಗಳೆಲ್ಲ ಒಂದೇ ತೂಕದವಲ್ಲ ಎಂಬುದನ್ನೂ ತಿಳಿದಿರಬೇಕು. ಇದಕ್ಕೆ 1991ರಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪಿದೆ. ರೈಲ್ವೆಯ ಡೀಸೆಲ್ ಲೋಕೋಮೋಟಿವ್ ವರ್ಕ್ಸ್ ಹಳೆಯ ಕಬ್ಬಿಣ ಮಾರಲು ಟೆಂಡರು ಕರೆದಿತ್ತು. ಠೇವಣಿಯನ್ನು ನಗದಾಗಿ ಕೊಡಿ, ಇಲ್ಲವೆ ಸ್ಟೇಟ್ ಬ್ಯಾಂಕಿನ ಡಿ.ಡಿ. ಕೊಡಿ ಎಂಬುದು ಷರತ್ತು. ಪೋದ್ದಾರ್ ಸ್ಟೀಲ್ ಎಂಬ ಸಂಸ್ಥೆ ಯೂನಿಯನ್ ಬ್ಯಾಂಕಿನ ಚೆಕ್ಕು ಕೊಟ್ಟಿತು. ಅದು ಸಾಧಾರಣ ಚೆಕ್ಕಲ್ಲ, ಬ್ಯಾಂಕೇ ಹೊಣೆ ಹೊತ್ತು ಕೊಟ್ಟದ್ದು. ರೈಲ್ವೆ ಒಪ್ಪಿಕೊಂಡಿತು, ಸೋತವರು ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟು ಷರತ್ತುಗಳಲ್ಲಿ ಎರಡು ಬಗೆ ಕಂಡಿತು. ಅರ್ಹತೆಗೆ ಮೂಲವಾದವು ಒಂದು ಬಗೆ. ಆ ಮೂಲ ಉದ್ದೇಶಕ್ಕೆ ಪೂರಕವಾಗಿ ಬರೆದವು ಇನ್ನೊಂದು. ಮೊದಲನೆಯದನ್ನು ಬಿಗಿಯಾಗಿ ಪಾಲಿಸಬೇಕು. ಎರಡನೆಯದರಲ್ಲಿ, ಸೂಕ್ತ ಕಂಡರೆ, ಅಧಿಕಾರಿ ಸಡಿಲ ಮಾಡಬಹುದು. ಹಣ ಬರುವುದು ಖಾತ್ರಿಯಾಗಿದ್ದರೆ ಅದು ಯಾವ ಬ್ಯಾಂಕಿನಿಂದ ಬಂದರೇನು?

ಇದನ್ನು ಓದಿ “ಹಾಗಾದರೆ ನಮ್ಮ ಹುಡುಗನದೂ ಸಣ್ಣ ತಪ್ಪೇ” ಎಂದು ಹಿಗ್ಗುವ ಮೊದಲು ಒಂದು ಮಾತು ಗಮನಿಸಿ. ಅಲ್ಲಿ ಸಡಿಲ ಮಾಡಿದ್ದು ಅಧಿಕಾರಿ. ಕೋರ್ಟು ಅದನ್ನು ಸರಿ ಎಂದಿತು, ಅಷ್ಟೆ. ಅಧಿಕಾರಿ ಸಡಿಲ ಮಾಡಲು ಒಪ್ಪದಿದ್ದಾಗ ಕೋರ್ಟು ‘ಮಾಡು’ ಎಂದು ಹೇಳುವುದು ಬೇರೆ ಸಂಗತಿ, ಅಪರೂಪದ ಸಂಗತಿ.

ಅದು ಎಷ್ಟು ಅಪರೂಪ ಎಂಬುದಕ್ಕೆ ಶಾಲಾ ಮಕ್ಕಳಿಗೇ ಸಂಬಂಧಿಸಿದ ಪ್ರಕರಣವೊಂದಿದೆ. ನವೋದಯ ವಿದ್ಯಾಲಯ ಸಮಿತಿಯು ದೇಶದ ನವೋದಯ ಶಾಲೆಗಳ ಮಕ್ಕಳಿಗಾಗಿ 68 ಸಾವಿರಕ್ಕೂ ಹೆಚ್ಚು ಟ್ಯಾಬ್ಲೆಟ್‌ಗಳನ್ನು ಕೊಳ್ಳಲು ಟೆಂಡರು ಕರೆಯಿತು. ಅದೇ ಅಥವಾ ಅದನ್ನು ಹೋಲುವ ವಸ್ತುಗಳನ್ನು ಹಿಂದೆ ಇಂತಿಷ್ಟು ಸರಬರಾಜು ಮಾಡಿರಬೇಕು ಎಂಬುದು ಒಂದು ಷರತ್ತು. ಒಂದು ಕಂಪೆನಿ ತಾನು ಸ್ಮಾರ್ಟ್‌ಫೋನುಗಳನ್ನು ಸರಬರಾಜು ಮಾಡಿದ ದಾಖಲೆ ಇಟ್ಟಿತು. ಸಮಿತಿ ಅದನ್ನು ಒಪ್ಪದೆ ತಾಂತ್ರಿಕ ಹಂತದಲ್ಲೇ ಕೈಬಿಟ್ಟಿತು. ಕಂಪೆನಿ ದೆಹಲಿ ಹೈಕೋರ್ಟಿಗೆ ಹೋಯಿತು. ಫೋನಿಗೂ ಟ್ಯಾಬ್ಲೆಟ್‌ಗೂ ಹೋಲಿಕೆ ಇದೆಯಲ್ಲ ಎಂದು ಹೈಕೋರ್ಟು ಕಂಪೆನಿಯ ಪರ ನಿಂತಿತು. ಆದರೆ 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ಟೆಂಡರು ಬರೆದವರು ತಮ್ಮ ಷರತ್ತಿಗೆ ಕೊಟ್ಟ ಅರ್ಥ ತೀರಾ ಅಸಂಬದ್ಧವಾಗಿಲ್ಲದಿದ್ದರೆ, ಅದರಲ್ಲಿ ದುರುದ್ದೇಶವೂ ಇಲ್ಲದಿದ್ದರೆ, ಅದಕ್ಕಿಂತ ಒಳ್ಳೆಯ ಅರ್ಥ ತನಗೆ ಹೊಳೆಯಿತೆಂದು ಕೋರ್ಟು ನಡುವೆ ಬರಬಾರದು ಎಂಬುದು ಅದರ ನಿಲುವು. ನಾಗಪುರ ಮೆಟ್ರೊ ಕಾಮಗಾರಿಯ ಪ್ರಕರಣದಲ್ಲೂ 2016ರಲ್ಲಿ ಇದೇ ಮಾತು ಬಂದಿತ್ತು.

ಫೋನು, ಟ್ಯಾಬ್ಲೆಟ್ ಒಂದೇ ಜಾತಿಯವೋ ಅಲ್ಲವೋ? ಹೈಸ್ಕೂಲಿನ ಚರ್ಚಾಸ್ಪರ್ಧೆಗೆ ಇದಕ್ಕಿಂತ ಚೆಂದದ ವಿಷಯ ಸಿಗಲಾರದು. ನನ್ನ ಮಟ್ಟಿಗೆ ಹೈಕೋರ್ಟಿನ ವಾದದಲ್ಲೂ ಹುರುಳಿತ್ತು. ಆದರೆ ಚರ್ಚೆಯಲ್ಲಿ ಎರಡೂ ಪಕ್ಷಕ್ಕೆ ಹುರುಳಿದೆ ಎಂದಾದಾಗ ಗೆಲ್ಲುವುದು ಟೆಂಡರು ಕರೆದವರ ಪಕ್ಷ. ಈಗಿನ ಕಾನೂನಿನ ಸ್ಥಿತಿ ಇದು. ‘ಹೋಲುವ ಕೆಲಸ’ ಎಂಬ ಶಬ್ದ ಕಂಡಾಗ ನಮ್ಮ ಹುಡುಗರು ಜಾಗೃತರಾಗಬೇಕು. ಸಮುದಾಯ ಭವನ ಕಟ್ಟಿದ ಅನುಭವ ಶಾಲಾ ಕೊಠಡಿಗೆ ಹೋಲುತ್ತದೆಯೆ? ಸಿ.ಸಿ. ರಸ್ತೆ ಮಾಡಿದವನಿಗೆ ಚರಂಡಿಯ ಅನುಭವ ಇದೆ ಎನ್ನಬಹುದೆ? ಇದನ್ನು ಟೆಂಡರು ಹಾಕುವ ಮುನ್ನವೇ ಬರವಣಿಗೆಯಲ್ಲಿ ಕೇಳಿ ಸ್ಪಷ್ಟನೆ ಪಡೆಯಬೇಕು. ಕೇಳಲು ಕಾಲಾವಕಾಶ ಇರುತ್ತದೆ, ಕೇಳುವವರೇ ಕಡಿಮೆ.

ಷರತ್ತೇ ಅನ್ಯಾಯದ್ದು ಎನ್ನಿಸಿದರೆ? ಅದಕ್ಕೂ ನಮ್ಮ ರಾಜ್ಯದ್ದೇ ಉದಾಹರಣೆಯಿದೆ. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ಸಂಸ್ಥೆ ಬಸ್ಸುಗಳಿಗೆ ಟೈರು ಕೊಳ್ಳಲು 2005ರಲ್ಲಿ ಕರೆದ ಟೆಂಡರಿನಲ್ಲಿ ದೊಡ್ಡ ಮೊತ್ತದ ವಾರ್ಷಿಕ ವಹಿವಾಟು ಇರಬೇಕು, ವಾಹನ ತಯಾರಕರಿಗೆ ಟೈರು ಒದಗಿಸಿದ ಅನುಭವ ಇರಬೇಕು ಎಂದೆಲ್ಲ ಇತ್ತು. ಸಣ್ಣವರನ್ನು ಹೊರಗಿಡಲೆಂದೇ ಹೀಗೆ ಬರೆದಿದ್ದಾರೆ ಎಂದು ಮಿಷಿಗನ್ ರಬ್ಬರ್ ಎಂಬ ಕಂಪೆನಿ ಹೈಕೋರ್ಟಿಗೆ ಹೋಗಿ ಸೋತಿತು. ಸುಪ್ರೀಂ ಕೋರ್ಟಿನಲ್ಲಿ 2012ರ ಆಗಸ್ಟಿನಲ್ಲಿ ಮತ್ತೆ ಸೋತಿತು. ಪ್ರಯಾಣಿಕರ ಜೀವದ ಪ್ರಶ್ನೆ ಇರುವಾಗ ಟೈರಿನ ಗುಣಮಟ್ಟಕ್ಕಾಗಿ ಸಂಸ್ಥೆ ಬಿಗಿ ಷರತ್ತು ಹಾಕಿದರೆ ತಪ್ಪಿಲ್ಲ ಎಂಬುದು ಅದರ ಸಾರ. ಕೊಳ್ಳುವವನಿಗೆ ಷರತ್ತು ಹಾಕುವ ಸ್ವಾತಂತ್ರ್ಯ ದೊಡ್ಡದು. ಹೋಗುವುದಿದ್ದರೂ ಷರತ್ತು ಪ್ರಕಟವಾದ ಕೂಡಲೇ ಹೋಗಬೇಕು. ಷರತ್ತು ಒಪ್ಪಿ ಟೆಂಡರು ಹಾಕಿ, ಸೋತ ಮೇಲೆ ‘ಷರತ್ತೇ ಸರಿಯಿಲ್ಲ’ ಎಂದರೆ ಕೋರ್ಟು ಕಿವಿಗೊಡುವುದು ಕಷ್ಟ.

ಈಗ ಪತ್ರ ಬರೆದವರ ಮನಸ್ಸಿನಲ್ಲಿರುವ ಇನ್ನೊಂದು ಸಿಟ್ಟಿಗೆ ಬರೋಣ. ಗೆದ್ದವನ ಕಾಗದಗಳೂ ಸರಿಯಿರಲಿಲ್ಲ ಎಂದು ಅವರು ಬರೆದಿದ್ದಾರೆ. ಅನರ್ಹನಾದವನಿಗೆ ಗೆದ್ದವನ ಅರ್ಹತೆಯನ್ನು ಪ್ರಶ್ನಿಸುವ ಹಕ್ಕಿದೆಯೆ? ಟೆಂಡರು ಕಾನೂನಿನಲ್ಲಿ ಅತ್ಯಂತ ಸ್ವಾರಸ್ಯದ ಭಾಗ ಇದು.

ಮುಂಬಯಿ ವಿಮಾನ ನಿಲ್ದಾಣದಲ್ಲಿ ಎರಡನೆಯ ದರ್ಜೆಯ ಉಪಾಹಾರ ಗೃಹ ಮತ್ತು ಎರಡು ತಿಂಡಿ ಅಂಗಡಿ ನಡೆಸಲು 1977ರಲ್ಲಿ ಟೆಂಡರು ಕರೆದರು. ಕನಿಷ್ಠ 5 ವರ್ಷ ಅನುಭವವಿರುವ, ನೋಂದಾಯಿತ ಎರಡನೆಯ ದರ್ಜೆಯ ಹೋಟೆಲಿನವರೇ ಬೇಕು ಎಂಬುದು ಷರತ್ತು. ಆದರೆ ಗುತ್ತಿಗೆ ಸಿಕ್ಕಿದ್ದು ಕ್ಯಾಂಟೀನು ನಡೆಸುತ್ತಿದ್ದವರಿಗೆ. ಆಗ ಟೆಂಡರನ್ನೇ ಹಾಕದಿದ್ದ ಇನ್ನೊಬ್ಬರು ಕೋರ್ಟಿಗೆ ಬಂದರು. ನನಗೂ ಆ ಅರ್ಹತೆ ಇರಲಿಲ್ಲ, ಅದಕ್ಕೇ ಹಾಕಲಿಲ್ಲ. ಷರತ್ತು ಸಡಿಲಿಸುತ್ತಾರೆ ಎಂದು ಗೊತ್ತಿದ್ದರೆ ನಾನೂ ಹಾಕುತ್ತಿದ್ದೆನಲ್ಲ ಎಂಬುದು ಅವರ ವಾದ. 1979ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಬರೆದ ತೀರ್ಪು ಇಂದಿಗೂ ಟೆಂಡರು ಕಾನೂನಿನ ಅಡಿಗಲ್ಲು. ಸರಕಾರ ತಾನೇ ಹಾಕಿದ ಗೆರೆಯನ್ನು ತಾನೇ ದಾಟುವಂತಿಲ್ಲ. ದಾಟಿದರೆ ಅದು ಸಂವಿಧಾನದ 14ನೆಯ ವಿಧಿ ಕೊಡುವ ಸಮಾನತೆಗೆ ವಿರುದ್ಧ ಎಂದು ಅದು ಹೇಳಿತು.

ಆದರೂ ಅರ್ಜಿದಾರರಿಗೆ ಪರಿಹಾರ ಸಿಗಲಿಲ್ಲ! ಅವರು ಕೋರ್ಟಿಗೆ ಬರುವ ಹೊತ್ತಿಗೆ ಐದು ತಿಂಗಳ ಮೇಲಾಗಿತ್ತು. ಗುತ್ತಿಗೆ ಹಿಡಿದವರು ಅಷ್ಟರಲ್ಲಿ ಹಣ ಸುರಿದು ಅಂಗಡಿ ಸಜ್ಜುಮಾಡಿದ್ದರು. ಅರ್ಜಿದಾರರಿಗೆ ಆ ಗುತ್ತಿಗೆಯಲ್ಲಿ ನಿಜವಾದ ಆಸಕ್ತಿ ಇದ್ದಂತೆಯೂ ಕೋರ್ಟಿಗೆ ಕಾಣಲಿಲ್ಲ. ವಾದ ಗೆದ್ದಿತು, ಅರ್ಜಿ ಬಿದ್ದಿತು.

ಇದಕ್ಕೆ ಇನ್ನೊಂದು ಮಗ್ಗುಲಾಗಿ 1998ರ ಡಿಸೆಂಬರಿನಲ್ಲಿ ಬಂದದ್ದು ರೌನಕ್ ಇಂಟರ್‌ನ್ಯಾಷನಲ್ ಪ್ರಕರಣ. ಮಹಾರಾಷ್ಟ್ರ ವಿದ್ಯುತ್ ಮಂಡಳಿಯ ಖಾಪರ್‌ಖೇಡಾ ಉಷ್ಣ ವಿದ್ಯುತ್ ಸ್ಥಾವರದ ಕೆಲಸ ಅದು. ಗೆದ್ದ ಕಂಪೆನಿಗೆ ಷರತ್ತು ಸಡಿಲಿಸಿದ್ದಾರೆ ಎಂದು ಸೋತ ಕಂಪೆನಿ ದೂರಿತು. ಸೋತವರೂ ಆ ಷರತ್ತನ್ನು ಪೂರೈಸಿರಲಿಲ್ಲ. ಕೆಲಸ ಅವರಿಗೆ ಸಿಗಬೇಕಾಗಿದ್ದರೂ ಅದೇ ಸಡಿಲಿಕೆ ಬೇಕಿತ್ತು. ಹಾಗಿರುವಾಗ ನಿಮಗೆ ಈ ದೂರು ಒಪ್ಪುವುದಿಲ್ಲ ಎಂದಿತು ಸುಪ್ರೀಂ ಕೋರ್ಟು. ಜೊತೆಗೆ ಇನ್ನೊಂದನ್ನೂ ಹೇಳಿತು: ತಡೆಯಾಜ್ಞೆಯಿಂದ ಕೆಲಸ ನಿಂತರೆ ಅದರ ಬೆಲೆ ತೆರುವವರು ಸಾರ್ವಜನಿಕರು; ಅದನ್ನೂ ತಕ್ಕಡಿಯಲ್ಲಿ ಹಾಕಿ ನೋಡಬೇಕು.

ಹಾಗಾದರೆ ಅನರ್ಹನಾದವನ ಬಾಯಿ ಕಟ್ಟಿದಂತಾಯಿತೆ? ಆಗಲಿಲ್ಲ. ‘ಅವನೂ ತಪ್ಪು ಮಾಡಿದ್ದಾನೆ’ ಎಂಬ ದೂರಿಗೂ ‘ಒಂದೇ ತಪ್ಪಿಗೆ ನನಗೆ ಶಿಕ್ಷೆ, ಅವನಿಗೆ ಕ್ಷಮೆ’ ಎಂಬ ದೂರಿಗೂ ವ್ಯತ್ಯಾಸವಿದೆ. ಎರಡನೆಯದಕ್ಕೆ ಕೋರ್ಟಿನಲ್ಲಿ ಇಂದಿಗೂ ಬೆಲೆಯಿದೆ. 2024ರ ಅಕ್ಟೋಬರಿನಲ್ಲಿ ಬನ್ಶೀಧರ್ ಕನ್‌ಸ್ಟ್ರಕ್ಷನ್ ಪ್ರಕರಣದಲ್ಲಿ ಆದದ್ದು ಅದೇ. ಸರಕಾರಿ ಒಡೆತನದ ಭಾರತ್ ಕೋಕಿಂಗ್ ಕೋಲ್ ಕಂಪೆನಿ ಒಂದು ಗಣಿಯ ಟೆಂಡರಿನಲ್ಲಿ ಈ ಸಂಸ್ಥೆಯ ತಾಂತ್ರಿಕ ಬಿಡ್ಡನ್ನು ಅಧಿಕಾರ ಪತ್ರದಲ್ಲಿನ ಕೊರತೆಯ ನೆವದಿಂದ ತಳ್ಳಿಹಾಕಿತ್ತು. ಗೆದ್ದವರು ಸಲ್ಲಿಸಲೇಬೇಕಾಗಿದ್ದ ದಾಖಲೆಗಳನ್ನು ಸಲ್ಲಿಸದಿದ್ದರೂ ಅದನ್ನು ಗಣನೆಗೆ ತಂದುಕೊಂಡಿರಲಿಲ್ಲ. ಒಬ್ಬರಿಗೆ ಸುಣ್ಣ, ಒಬ್ಬರಿಗೆ ಬೆಣ್ಣೆ! ಸುಪ್ರೀಂ ಕೋರ್ಟು ಆ ತೀರ್ಮಾನವನ್ನೂ, ಕೊಟ್ಟ ಗುತ್ತಿಗೆಯನ್ನೂ ರದ್ದು ಮಾಡಿತು.

ಹೀಗಾಗಿ ವಡಗೇರಾದ ಹಿರಿಯರು ನೋಡಬೇಕಾದದ್ದು ಇದನ್ನು. ಮಗನ ಯಾವ ಕಾಗದದ ಮೇಲೆ ಕೈಯಿಟ್ಟಿದ್ದಾರೆ, ಉಳಿದವರ ಅದೇ ಕಾಗದ ಹೇಗಿತ್ತು. ಇದು ಗೊತ್ತಾಗಬೇಕಾದರೆ ಮೊದಲು ತಿರಸ್ಕಾರದ ಕಾರಣವನ್ನು ಬರವಣಿಗೆಯಲ್ಲಿ ಕೇಳಬೇಕು. ಗುತ್ತಿಗೆ ತೀರ್ಮಾನವಾದ ಮೇಲೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಪರಿಶೀಲನಾ ಟಿಪ್ಪಣಿಯ ನಕಲು ಕೇಳಬಹುದು. ಆದರೆ ಮಾಹಿತಿಗೆಂದು ಕಾಯುತ್ತ ಕೂತರೆ ಮೇಲ್ಮನವಿಯ ಗಡುವು ಮುಗಿದುಹೋದೀತು. ಪಾರದರ್ಶಕತೆ ಕಾಯ್ದೆಯ 16ನೆಯ ಕಲಮಿನ ಪ್ರಕಾರ ಟೆಂಡರು ಸ್ವೀಕರಿಸುವ ಪ್ರಾಧಿಕಾರದ ಆದೇಶದಿಂದ ನೊಂದ ಟೆಂಡರುದಾರ, ಆದೇಶ ಕೈಸೇರಿದ 30 ದಿನದೊಳಗೆ ನಿಗದಿತ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ತಡವಾದದ್ದಕ್ಕೆ ಸರಿಯಾದ ಕಾರಣವಿದ್ದರೆ ಮನ್ನಿಸಲು ಅವಕಾಶವಿದೆ; ಅದನ್ನು ನೆಚ್ಚಿ ಕೂರಬೇಡಿ. ಆದೇಶ ಬಂದ ಕಾಗದದ ಮೇಲೆ, ಇಲ್ಲವೆ ಪೋರ್ಟಲಿನಲ್ಲಿ ಕಂಡ ದಿನವೇ ನೋಟುಬುಕ್ಕಿನಲ್ಲಿ, ತಾರೀಖು ಬರೆದಿಡುವುದು ಒಳ್ಳೆಯದು. ಈ ದಾರಿಯಲ್ಲಿ ವೆಚ್ಚ ಕಡಿಮೆ. ಇದನ್ನು ಬಿಟ್ಟು ನೇರ ರಿಟ್ ಹಾಕಿದರೆ ‘ಮೇಲ್ಮನವಿ ಮಾಡಿದಿರಾ?’ ಎಂಬ ಪ್ರಶ್ನೆ ಮೊದಲು ಎದುರಾಗುತ್ತದೆ.

ಮೇಲ್ಮನವಿಯೂ ಬಿದ್ದರೆ ಹೈಕೋರ್ಟು. ಅದಕ್ಕಾಗಿ ಬೆಂಗಳೂರಿಗೆ ಹೋಗಬೇಕಾಗಿಲ್ಲ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದ ಪೀಠ ಕಲಬುರಗಿಯಲ್ಲಿದೆ. ಯಾದಗಿರಿ ಜಿಲ್ಲೆಯವರಿಗೆ ಬೆಳಿಗ್ಗೆ ಹೋಗಿ ಸಂಜೆ ಬರುವ ದಾರಿ. ಅಲ್ಲಿ ಏನನ್ನು ನಿರೀಕ್ಷಿಸಬಹುದು? ಮೊಬೈಲ್ ಫೋನು ನಮ್ಮ ದೇಶಕ್ಕೆ ಕಾಲಿಡುತ್ತಿದ್ದಾಗ, ಅದರ ಪರವಾನಗಿಯ ಬಗ್ಗೆ ನಡೆದ ಟಾಟಾ ಸೆಲ್ಯುಲಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1994ರ ಜುಲೈನಲ್ಲಿ ಇದಕ್ಕೊಂದು ಮೇರೆ ಹಾಕಿತು. ಕೋರ್ಟು ನೋಡುವುದು ತೀರ್ಮಾನಕ್ಕೆ ಬಂದ ದಾರಿಯನ್ನು, ತೀರ್ಮಾನದ ಗುಣವನ್ನಲ್ಲ. ಉತ್ತರಪತ್ರಿಕೆಯನ್ನು ಮತ್ತೆ ತಿದ್ದುವುದಿಲ್ಲ. ತಿದ್ದಿದವರು ಎಲ್ಲ ಪತ್ರಿಕೆಗಳಿಗೂ ಒಂದೇ ಅಳತೆ ಇಟ್ಟರೆ, ಬರೆದದ್ದನ್ನು ಓದಿದರೆ ಎಂದು ನೋಡುತ್ತದೆ. 2006ರ ಜಗದೀಶ್ ಮಂಡಲ್ ಪ್ರಕರಣದ ತೀರ್ಪಿನಲ್ಲಿ ಎರಡು ಪರೀಕ್ಷೆಗಳನ್ನು ಹೇಳಿದ್ದಾರೆ. ತೀರ್ಮಾನ ದುರುದ್ದೇಶದ್ದೇ, ಇಲ್ಲವೆ ಯಾವ ವಿವೇಕವಂತ ಅಧಿಕಾರಿಯೂ ಮಾಡಲಾರದಷ್ಟು ಮನಬಂದಂತೆ ಮಾಡಿದ್ದೇ ಎಂಬುದು ಒಂದು. ಅದರಿಂದ ಸಾರ್ವಜನಿಕ ಹಿತಕ್ಕೆ ಧಕ್ಕೆಯಾಗಿದೆಯೇ ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ‘ಇಲ್ಲ’ ಎಂದಾದರೆ ಕೋರ್ಟು ಮಧ್ಯೆ ಬರಬಾರದು.

ತಡೆಯಾಜ್ಞೆಯ ಆಸೆಯನ್ನಂತೂ ಕಡಿಮೆ ಇಟ್ಟುಕೊಳ್ಳಿ. ನಿರ್ದಿಷ್ಟ ಪರಿಹಾರ ಕಾಯ್ದೆಗೆ 2018ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಮೂಲಸೌಕರ್ಯದ ಕೆಲಸಗಳು ತಡವಾಗುವಂತೆ ತಡೆಯಾಜ್ಞೆ ಕೊಡಬಾರದು. ಜಾರ್ಖಂಡಿನ ರಸ್ತೆಯೊಂದರ ಟೆಂಡರಿನಲ್ಲಿ ತಾಂತ್ರಿಕವಾಗಿ ತಿರಸ್ಕೃತರಾದವರ ಪರವಾಗಿ ಅಲ್ಲಿನ ಹೈಕೋರ್ಟು ತೀರ್ಪು ಕೊಟ್ಟಿತ್ತು. 2022ರ ಮಾರ್ಚಿನಲ್ಲಿ ಎನ್.ಜಿ. ಪ್ರಾಜೆಕ್ಟ್ಸ್ ಪ್ರಕರಣ ಎಂದು ಹೆಸರಾದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಪಡಿಸಿತು. ಅನ್ಯಾಯವಾಗಿದ್ದರೆ ಕೆಲಸ ನಿಲ್ಲಿಸುವ ಬದಲು ನಷ್ಟ ಪರಿಹಾರದ ದಾರಿ ತೋರಿಸಿ ಎಂದು ಹೈಕೋರ್ಟುಗಳಿಗೆ ಸೂಚಿಸಿತು.

ಈ ಸೂಚನೆಯನ್ನು ನಾನು ಅರ್ಧ ಒಪ್ಪುತ್ತೇನೆ. ಒಂದು ಕೊಠಡಿಯ ಕೆಲಸಕ್ಕೆ ಎರಡು ವರ್ಷ ತಡೆಯಾಜ್ಞೆ ಬಿದ್ದರೆ ಒಂಬತ್ತನೆಯ ತರಗತಿಯ ಮಗು ಸೋರುವ ಮಾಡಿನಡಿ ಹತ್ತನ್ನೂ ಮುಗಿಸಿ ಹೊರಟುಹೋಗುತ್ತದೆ. ಆ ಎರಡು ವರ್ಷವನ್ನು ಯಾವ ಕೋರ್ಟೂ ಹಿಂದಕ್ಕೆ ಕೊಡಲಾರದು. ಇನ್ನರ್ಧ ಒಪ್ಪದಿರುವುದು ಏಕೆಂದರೆ, ನಷ್ಟ ಪರಿಹಾರದ ದಾವೆ ದೊಡ್ಡ ಕಂಪೆನಿಗಳಿಗೆ ಒಗ್ಗುವ ಔಷಧಿ. ಒತ್ತೆಯಿಟ್ಟ ಬಂಗಾರ ಬಿಡಿಸಿಕೊಳ್ಳಬೇಕಾದವನು ಸಿವಿಲ್ ಕೋರ್ಟಿನಲ್ಲಿ ವರ್ಷಗಟ್ಟಲೆ ತಾರೀಖು ಎಣಿಸುತ್ತಾನೆಯೆ? ಸಣ್ಣ ಕೆಲಸಗಳ ಮೇಲ್ಮನವಿಯನ್ನಾದರೂ, ಕೆಲಸದ ಆದೇಶ ಕೊಡುವ ಮೊದಲೇ, ವಾರದೊಳಗೆ ಮುಗಿಸುವ ಏರ್ಪಾಡಿದ್ದರೆ ಶಾಲೆಗೂ ನ್ಯಾಯ, ಹುಡುಗನಿಗೂ ನ್ಯಾಯ.

ಪತ್ರ ಬರೆದವರಿಗೆ ಇನ್ನೊಂದು ಸೂಚನೆ. ತಿರಸ್ಕಾರದ ಕಾರಣ ‘ಹಿಂದಿನ ಕೆಲಸದ ಅನುಭವ ಇಲ್ಲ’ ಎಂಬುದೇ ಆಗಿದ್ದರೆ, ಅದು ಷರತ್ತಿನಲ್ಲಿದ್ದರೆ, ಮಗನಲ್ಲಿ ನಿಜವಾಗಿಯೂ ಇರದಿದ್ದರೆ, ಕೋರ್ಟಿಗೆ ಹಣ ಸುರಿಯಬೇಡಿ. ಕೆಲಸ ಸಿಗದೆ ಅನುಭವವಿಲ್ಲ, ಅನುಭವವಿಲ್ಲದೆ ಕೆಲಸವಿಲ್ಲ ಎಂಬ ಈ ಗಂಟನ್ನು ಬಿಡಿಸಲು ಬೇರೆ ದಾರಿ ಹುಡುಕಬೇಕು. ಅನುಭವದ ಷರತ್ತು ಇಲ್ಲದ, ಒಂದೇ ಲಕೋಟೆಯ ಸಣ್ಣ ಕೆಲಸಗಳಿಂದ ಶುರುಮಾಡಬಹುದು. ಪರಿಶಿಷ್ಟ ಜಾತಿ, ಪಂಗಡದ ಗುತ್ತಿಗೆದಾರರಿಗೆ ಪಾರದರ್ಶಕತೆ ಕಾಯ್ದೆಯ ತಿದ್ದುಪಡಿ ಮಾಡಿ ಕ್ರಮವಾಗಿ ಶೇ 17.15 ಮತ್ತು ಶೇ 6.95 ಕೆಲಸಗಳನ್ನು ಮೀಸಲಿಟ್ಟಿದ್ದಾರೆ. ಆರಂಭದಲ್ಲಿ ಇದು 50 ಲಕ್ಷ ರೂಪಾಯಿವರೆಗಿನ ಕೆಲಸಗಳಿಗೆ ಇತ್ತು. ಮಿತಿಯನ್ನು ಆಮೇಲೆ ಏರಿಸಿದರು. ಟೆಂಡರನ್ನೇ ಕರೆಯದೆ 4(ಜಿ) ಕಲಮಿನ ವಿನಾಯಿತಿಯಲ್ಲಿ ಸರಕಾರಿ ಸಂಸ್ಥೆಗಳಿಗೆ ಕೊಡುವ ಕೆಲಸಗಳೂ ಇವೆ. ಅಲ್ಲಿ ನಮ್ಮ ಹುಡುಗರಿಗೆ ಬಾಗಿಲೇ ಇಲ್ಲ ಎಂಬುದು ಇನ್ನೊಂದು ದಿನ ಬರೆಯಬೇಕಾದ ಕತೆ.

ಇನ್ನು ಪಾಲಿಟೆಕ್ನಿಕ್‌ನಲ್ಲಿ ಓದುತ್ತಿರುವವರಿಗೆ. ಅಂದಾಜುಪಟ್ಟಿ ತಯಾರಿಸುವುದನ್ನು ನಿಮಗೆ ಕಲಿಸುತ್ತಾರೆ. ಇಟ್ಟಿಗೆ ಎಷ್ಟು, ಸಿಮೆಂಟು ಎಷ್ಟು ಎಂಬುದು ಬೆರಳ ತುದಿಯಲ್ಲಿರುತ್ತದೆ. ಟೆಂಡರು ಕಾಗದವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವುದನ್ನು ನೀವಾಗಿಯೇ ಕಲಿಯಬೇಕು. ರಾಜ್ಯದ ಸಂಗ್ರಹಣಾ ಪೋರ್ಟಲಿನಲ್ಲಿ ಟೆಂಡರು ಪ್ರಕಟಣೆಗಳನ್ನು ಯಾರು ಬೇಕಾದರೂ ನೋಡಬಹುದು. ನಿಮ್ಮ ತಾಲ್ಲೂಕಿನ ಒಂದು ಕೆಲಸದ ಕಾಗದ ತೆಗೆದುಕೊಂಡು, ‘ಸಲ್ಲಿಸತಕ್ಕದ್ದು’ ಎಂದಿರುವ ಕಡೆಯೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತ ಹೋಗಿ. ಮುಂದೆ ಮೊದಲ ಸಣ್ಣ ಕೆಲಸ ಮುಗಿಸಿದ ದಿನ ಬಿಲ್ಲಿನ ಜೊತೆಗೇ ಕೆಲಸ ಪೂರ್ಣಗೊಂಡ ಪ್ರಮಾಣಪತ್ರವನ್ನೂ ಕೇಳಿ ಪಡೆಯಿರಿ. ಅದರಲ್ಲಿ ಕೆಲಸದ ಬಗೆ, ಮೊತ್ತ, ಆರಂಭಿಸಿದ ಮತ್ತು ಮುಗಿಸಿದ ತಾರೀಖು, ಅಧಿಕಾರಿಯ ಸಹಿ, ಮೊಹರು ಇವೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ. ಎಂಜಿನಿಯರಿಗೆ ವರ್ಗವಾದ ಮೇಲೆ ಆ ಸಹಿಗಾಗಿ ಊರೂರು ಅಲೆಯಬೇಕಾಗುತ್ತದೆ.